ಬಂಗಾಳಿ ಕಲಿತ ಮುನ್ಸೀಫರು

ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದು ಚೆನ್ನೈಯ ಹಳೆಯ ಕನ್ನಡಿಗರಿಗೆ ನೆನಪಿರಬಹುದು. ಬಂಗಾಳದ ಕಾದಂಬರಿಗಳನ್ನು ಕನ್ನಡಿಗರ ಮನೆಯೊಳಗೆ ತಂದ ಬಿ. ವೆಂಕಟಾಚಾರ್ಯರು 1845ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ.

ಅವರು ತಂದ ಲೇಖಕರಲ್ಲಿ ಮುಖ್ಯರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು (1838–1894). ಬಂಕಿಮರು ಬರಿಯ ಕಾದಂಬರಿಕಾರರಲ್ಲ, ಪತ್ರಿಕಾಕರ್ತರೂ ಹೌದು. ಕಲ್ಕತ್ತಾ ವಿಶ್ವವಿದ್ಯಾನಿಲಯದ ಮೊದಲ ಇಬ್ಬರು ಪದವೀಧರರಲ್ಲಿ ಒಬ್ಬರಾಗಿ 1858ರಲ್ಲಿ ತೇರ್ಗಡೆಯಾದ ಮೇಲೆ 1891ರವರೆಗೂ ಸರ್ಕಾರಿ ಚಾಕರಿಯಲ್ಲಿದ್ದರು. ಡೆಪ್ಯುಟಿ ಮ್ಯಾಜಿಸ್ಟ್ರೇಟರ ಕೆಲಸದ ನಡುವೆಯೇ 1872ರಲ್ಲಿ ‘ಬಂಗದರ್ಶನ’ ಮಾಸಪತ್ರಿಕೆಯನ್ನು ಆರಂಭಿಸಿದರು. ‘ವಿಷವೃಕ್ಷ’ ತಿಂಗಳು ತಿಂಗಳೂ ಅದರಲ್ಲೇ ಪ್ರಕಟವಾಯಿತು. ಆಗ ಬಾಲಕರಾಗಿದ್ದ ರವೀಂದ್ರನಾಥ ಠಾಕೂರರು, ಮುಂದಿನ ಸಂಚಿಕೆಗಾಗಿ ತಾವು ಕಾತರದಿಂದ ಕಾಯುತ್ತಿದ್ದುದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ನಮ್ಮ ವೆಂಕಟಾಚಾರ್ಯರೂ ನ್ಯಾಯಾಂಗ ಇಲಾಖೆಯವರೇ. ಮೈಸೂರು ಸಂಸ್ಥಾನದಲ್ಲಿ ಮುನ್ಸೀಫರು. ಹಗಲು ವ್ಯಾಜ್ಯ, ರಾತ್ರಿ ಬಂಗಾಳಿ! ಈಶ್ವರಚಂದ್ರ ವಿದ್ಯಾಸಾಗರರೊಡನೆ ಅವರಿಗೆ ಪತ್ರವ್ಯವಹಾರವಿತ್ತು. 1885ರಲ್ಲಿ ‘ದುರ್ಗೇಶನಂದಿನಿ’ ಕನ್ನಡಕ್ಕೆ ಬಂತು; ‘ವಿಷವೃಕ್ಷ’, ‘ಆನಂದಮಠ’ಗಳೂ ಬಂದವು. ಬಂಕಿಮರಂತೆ ಇವರೂ ‘ಅವಕಾಶತೋಷಿಣಿ’ ಎಂಬ ಪತ್ರಿಕೆಯನ್ನು ನಡೆಸಿದರು.

ಈ ಕೆಲಸ ಸುಲಭವಾಗಿತ್ತೆಂದು ತಿಳಿಯಬಾರದು. ಬಂಗಾಳಿಯ ಕ್ರಿಯಾಪದದಲ್ಲಿ ಲಿಂಗಭೇದವಿಲ್ಲ. ಬಂದವನು ಗಂಡೋ ಹೆಣ್ಣೋ ಕ್ರಿಯಾಪದ ಹೇಳುವುದಿಲ್ಲ. ಕನ್ನಡದಲ್ಲಿ ‘ಬಂದನು’, ‘ಬಂದಳು’ ಎಂದು ನಿರ್ಧರಿಸಲೇಬೇಕು. ಇನ್ನು ಸಂಸ್ಕೃತ ಪದಗಳು ಎರಡು ಭಾಷೆಗಳಿಗೂ ಸಮಾನವಾದ್ದರಿಂದ, ಅವನ್ನು ಹಾಗೆಯೇ ಇಳಿಸಿಬಿಡುವ ಆಸೆ ಬಲವಾದದ್ದು. ಆಚಾರ್ಯರು ಆ ಆಸೆಗೆ ಎಷ್ಟೋ ಕಡೆ ಸೋತಿದ್ದಾರೆ; ಅವರ ಗದ್ಯ ಇಂದಿನವರಿಗೆ ಭಾರವೆನಿಸುತ್ತದೆ.

‘ಸ್ವಂತದ್ದೇನು ಬರೆದರು?’ ಎಂದು ಕೇಳುವವರಿದ್ದಾರೆ. ನನಗೆ ಆ ಪ್ರಶ್ನೆ ನ್ಯಾಯವೆನಿಸುವುದಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಆಚಾರ್ಯರು ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸತೊಡಗಿದ್ದರು. ಪುರಾಣ, ಯಕ್ಷಗಾನಗಳನ್ನು ಕೇಳಿಯೇ ಬಲ್ಲ ಜನ ಪುಸ್ತಕ ಹಿಡಿದು ಮೌನವಾಗಿ ಕಥೆ ಓದುವುದೆಂದರೆ ಅದು ಹೊಸ ಅಭ್ಯಾಸವೇ ಸರಿ. ಹೇಳುವವನ ದನಿಯಿಲ್ಲ, ಮದ್ದಳೆಯಿಲ್ಲ. ಅಚ್ಚಾದ ಅಕ್ಷರವೊಂದೇ ಓದುಗನನ್ನು ಕೊನೆಯ ಪುಟದವರೆಗೆ ಹಿಡಿದಿಡಬೇಕು.

ವೆಂಕಟಾಚಾರ್ಯರು 1914ರಲ್ಲಿ ತೀರಿಕೊಂಡರು. ಮರುವರ್ಷ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಹೊರಬಂತು.