ಕಲಬೆರಕೆ ಅಲ್ಲ, ಅಕ್ಕಡಿ: ಫ್ರೆಂಚ್ ಕೆಂಪು ವೈನ್ ನಮ್ಮ ಕಡೆ ಬಂದ ಕಥೆ

ಹೊಸಪೇಟೆಯಿಂದ ಹಂಪಿಗೆ ಹೋಗೋ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತೆ. ಅಲ್ಲಿ ವಿಜಯನಗರ ಕಾಲದ ಮುಸ್ಲಿಂ ಗೋರಿಗಳಿವೆ, ಕಲಬುರಗಿಯ ಬಹಮನಿ ಗೋರಿಗಳನ್ನು ನೆನಪಿಸುವಂಥವು. ನಾನಾ ಕಡೆಯ ಜನ ಸೇರಿ ಬಾಳಿದ ರಾಜಧಾನಿ ಇದು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪೇಟೆಯ ದರವನ್ನೂ ಬರೆದಿಟ್ಟಿದ್ದಾನೆ: ಒಂದು ಪಣಕ್ಕೆ ಹತ್ತು ದಾಳಿಂಬೆ, ದ್ರಾಕ್ಷಿ ಆದರೆ ಮೂರೇ ಗೊಂಚಲು. ದ್ರಾಕ್ಷಿ ಇಲ್ಲಿಗೆ ಹೊಸದೇನಲ್ಲ, ಆದರೆ ದುಬಾರಿ ಹಣ್ಣು.

ಇವತ್ತಿನ ಮಾತು ಆ ದ್ರಾಕ್ಷಿಯ ದೂರದ ನೆಂಟ, ಫ್ರಾನ್ಸಿನ ಬ್ಲೆಂಡ್ ವೈನ್ ಬಗ್ಗೆ. ಎರಡು ಮೂರು ತಳಿಯ ವೈನ್ ಸೇರಿಸಿದ್ದು ಅಂದ ತಕ್ಷಣ 'ಕಲಬೆರಕೆನಾ?' ಅಂತ ಕೇಳೋರು ಇದ್ದಾರೆ. ಅಲ್ಲ. ನಮ್ಮ ರೈತರಿಗೆ ಇದು ಚೆನ್ನಾಗಿ ಗೊತ್ತಿರೋ ಲೆಕ್ಕ.

ಜೋಳದ ಹೊಲದಲ್ಲಿ ನಡುನಡುವೆ ತೊಗರಿ ಸಾಲು ಯಾಕೆ ಹಾಕ್ತಾರೆ? ಮಳೆ ಕೈಕೊಟ್ಟು ಒಂದು ಬೆಳೆ ಹೋದ್ರೂ ಇನ್ನೊಂದು ಉಳೀಲಿ ಅಂತ. ಅದೇ ಅಕ್ಕಡಿ ಸಾಲು. ಫ್ರಾನ್ಸಿನ ಬೋರ್ಡೊ ಕಡಲಿಗೆ ಹತ್ತಿರದ ಊರು, ಹವಾಮಾನ ನಂಬೋ ಹಾಗಿಲ್ಲ. ಅಲ್ಲಿನ ಮರ್ಲೋ ದ್ರಾಕ್ಷಿ ಬೇಗ ಚಿಗುರುತ್ತೆ, ಬೇಗ ಹಣ್ಣಾಗುತ್ತೆ. ವಸಂತದ ಇಬ್ಬನಿ ಹೆಪ್ಪುಗಟ್ಟಿದರೆ ಅದಕ್ಕೇ ಪೆಟ್ಟು. ಕಬರ್ನೆ ಸೋವಿನ್ಯೋ ತಡವಾಗಿ ಹಣ್ಣಾಗುತ್ತೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಅದಕ್ಕೆ ತೊಂದರೆ. ಅದಕ್ಕೇ ಎರಡನ್ನೂ ನೆಟ್ಟರು. ರುಚಿಯಲ್ಲೂ ಹೊಂದಿಕೆ ಆಯ್ತು: ಕಬರ್ನೆ ದಪ್ಪ ಸಿಪ್ಪೆಯದ್ದು, ಒಗರು ಜಾಸ್ತಿ, ಮರ್ಲೋ ಮೆತ್ತಗೆ.

ಇನ್ನೊಂದು ಸ್ವಾರಸ್ಯ ಇದೆ. 19ನೇ ಶತಮಾನದಲ್ಲಿ ವೈನ್ ತೆಳುವಾದ ವರ್ಷ ಬೋರ್ಡೊ ವ್ಯಾಪಾರಿಗಳು ರೋನ್ ಕಣಿವೆಯ ಹರ್ಮಿಟಾಜ್ ಬೆಟ್ಟದಿಂದ ಗಾಢ ಬಣ್ಣದ ಸಿರಾ ವೈನ್ ತರಿಸಿ ಸೇರಿಸ್ತಿದ್ದರು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. 'ಹರ್ಮಿಟಾಜ್ ಸೇರಿದ್ದು' ಅಂದರೆ ಮೇಲ್ದರ್ಜೆಯದ್ದು ಅನ್ನೋ ಮಾತಿತ್ತು. 1930ರ ದಶಕದಲ್ಲಿ ಊರಿನ ಹೆಸರಿಗೆ ಕಾನೂನಿನ ಬೇಲಿ ಬಿತ್ತು. ಅವತ್ತಿನಿಂದ ಸಿರಾ ಸೇರಿದರೆ ಅದು ಬೋರ್ಡೊ ಅಲ್ಲ.

ಆ ಜೋಡಿ ಮತ್ತೆ ಒಂದಾಗಿದ್ದು ಎಲ್ಲಿ ಗೊತ್ತಾ? ನಮ್ಮ ನಂದಿಬೆಟ್ಟದ ಬುಡದಲ್ಲೂ. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಕಡೆ ಶುರು ಮಾಡಿದ ಗ್ರೋವರ್ ವೈನ್‌ಯಾರ್ಡ್ಸ್‌ಗೆ ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್, ಆಮೇಲೆ ಬೋರ್ಡೊದ ಮಿಶೆಲ್ ರೋಲಾಂ ಸಲಹೆಗಾರರಾದರು. ಅವರ 'ಲಾ ರಿಸರ್ವ್' ಕಬರ್ನೆ ಮತ್ತು ಶಿರಾಜ್ ಸೇರಿದ ವೈನ್. ಶಿರಾಜ್ ಅಂದ್ರೆ ಅದೇ ಸಿರಾ. ಬೋರ್ಡೊ ಹೆಸರಿನಿಂದ ಹೊರಬಿದ್ದ ಜೋಡಿಗೆ ಕರ್ನಾಟಕದಲ್ಲಿ ಜಾಗ ಸಿಕ್ತು. ಇತ್ತ ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟ್ಸ್ 'ಹಂಪಿ ಹಿಲ್ಸ್' ಹೆಸರಲ್ಲಿ ಕಬರ್ನೆ ಬೆಳೀತಿದೆ. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಬೇಕು. ಬೇಸಿಗೆಯದ್ದು ಕಡ್ಡಿ ಬರಲಿಕ್ಕೆ, ಮಳೆಗಾಲ ಮುಗಿದ ಮೇಲಿನದ್ದು ಹಣ್ಣಿಗೆ.

ಸರಿ, ಊಟಕ್ಕೆ ಏನು ಹೊಂದುತ್ತೆ? ಕುಡೀರಿ ಅಂತ ಹೇಳ್ತಿಲ್ಲ, ಲೆಕ್ಕ ಹೇಳ್ತಿದೀನಿ. ಕೆಂಪು ವೈನಿನ ಒಗರು ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತೆ, ಬಾಯಿ ಒಣಗಿದ ಹಾಗೆ ಆಗುತ್ತೆ. ಜೊತೆಗೆ ಮಾಂಸ, ಕೊಬ್ಬು ಇದ್ದರೆ ಆ ಒಗರು ಇಳಿಯುತ್ತೆ. ಹಾಗಾಗಿ ಮಂದ ಉರಿಯಲ್ಲಿ ಬೆಂದ ಮಟನ್ ಸರಿಯಾದ ಜೋಡಿ. ಶೇಂಗಾ, ಎಳ್ಳು ಅರೆದು ಹಾಕಿದ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿಯೂ ನಡೆಯುತ್ತೆ, ಖಾರ ಕಡಿಮೆ ಇದ್ದರೆ. ಮಿರ್ಚಿ ಭಜಿ, ರಂಜಕ ಮಾತ್ರ ಬೇಡ. ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಇನ್ನೂ ಏರುತ್ತೆ. 'ರೂಮ್ ಟೆಂಪರೇಚರ್' ಅನ್ನೋದು ಫ್ರಾನ್ಸಿನ ತಣ್ಣನೆ ಕೋಣೆಯ ಮಾತು, 16ರಿಂದ 18 ಡಿಗ್ರಿ. ಹೊಸಪೇಟೆಯ ಬೇಸಿಗೆಗೆ ಅರ್ಧ ಗಂಟೆ ಫ್ರಿಜ್ ಬೇಕೇ ಬೇಕು.

ಶುದ್ಧ ಯಾವುದು, ಬೆರಕೆ ಯಾವುದು ಅಂತ ಗೆರೆ ಎಳೆದಿದ್ದು ಲೇಬಲ್ಲಿನ ಕಾನೂನು. ಅದಕ್ಕೂ ಮೊದಲು, ಬೋರ್ಡೊದಲ್ಲೂ ಜೋಳದ ಹೊಲದಲ್ಲೂ, ಬದುಕೋಕೆ ಬೆರೆಸಿದ್ದು ರೈತ. ಮುಂದಿನ ಸಂಚಿಕೆಯಲ್ಲಿ ಸಿಗೋಣ.