ಊರು ಅಲ್ಲೇ, ವಿಳಾಸ ಬೇರೆ



ಉದಗೀರ, ನಿಲಂಗಾ ತಾಲೂಕುಗಳ ಹಿರಿಯರಿಗೆ ಗೊತ್ತಿರುವ ಸಂಗತಿ ಇದು. ಈ ಎರಡೂ ತಾಲೂಕುಗಳು ಮೊದಲು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. 1960ರ ಮೇ 1ರಂದು ರಾಜ್ಯ ಮಹಾರಾಷ್ಟ್ರವಾಯಿತು. 1982ರ ಆಗಸ್ಟ್ 16ರಂದು ಲಾತೂರ ಜಿಲ್ಲೆ ಹುಟ್ಟಿ, ಇವು ಅದರ ಪಾಲಿಗೆ ಬಂದವು. ಉಮರಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. 2023ರಲ್ಲಿ ಆ ಜಿಲ್ಲೆಗೆ ಧಾರಾಶಿವ ಎಂಬ ಹೆಸರು ಬಂತು. ಊರುಗಳು ಒಂದು ಗೇಣೂ ಸರಿಯಲಿಲ್ಲ. ಆದರೆ ಹಳೆಯ ಜಮೀನಿನ ಕಾಗದ ಹುಡುಕುವವನಿಗೆ, ಯಾವ ಜಿಲ್ಲೆಯ ದಫ್ತರದಲ್ಲಿ ಹುಡುಕಬೇಕೆಂಬುದೇ ಮೊದಲ ಪ್ರಶ್ನೆ.

ಕಂಪ್ಯೂಟರಿನೊಳಗೂ ಇದೇ ಪ್ರಶ್ನೆ ಇದೆ. ಒಂದು ಫೈಲ್ ಎಲ್ಲಿದೆ ಎಂದು ಹೇಳುವ ವಿಳಾಸಕ್ಕೆ ಪಾಥ್, ಅಂದರೆ ದಾರಿ, ಎನ್ನುತ್ತಾರೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಂತೆ ಫೈಲುಗಳನ್ನು ಜೋಡಿಸುವ ಕ್ರಮವನ್ನು 1965ರಲ್ಲಿ ಅಮೆರಿಕದ ಮಲ್ಟಿಕ್ಸ್ ವ್ಯವಸ್ಥೆಗಾಗಿ ವಿವರಿಸಿದರು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್‌ನಲ್ಲಿ ಪೆಟ್ಟಿಗೆಗಳ ಹೆಸರಿನ ನಡುವೆ ಓರೆಗೆರೆ ಬಂತು. 1983ರ ಎಂಎಸ್-ಡಾಸ್ 2.0ರಲ್ಲಿ ಆ ಗೆರೆ ಬೇರೆ ಕೆಲಸಕ್ಕೆ ಬಳಕೆಯಲ್ಲಿದ್ದುದರಿಂದ, ಎದುರು ದಿಕ್ಕಿಗೆ ವಾಲಿದ ಗೆರೆ ಹಾಕಿದರು.

ಪಾಥ್‌ನಲ್ಲಿ ಎರಡು ಬಗೆ. ರಾಜ್ಯ, ಜಿಲ್ಲೆ, ತಾಲೂಕು, ಊರು ಎಂದು ಬುಡದಿಂದ ಹೇಳುವುದು ಪೂರ್ಣ ವಿಳಾಸ. 'ಹನುಮಾನ ಗುಡಿಯ ಹಿಂದಿನ ಮನೆ' ಎಂಬುದು ನಿಂತ ಜಾಗದಿಂದ ಹೇಳುವ ವಿಳಾಸ. ಜಿಲ್ಲೆ ಬದಲಾದರೆ ಮೊದಲನೆಯದು ಕೆಡುತ್ತದೆ. ಪರ ಊರಿನಲ್ಲಿ ನಿಂತವನಿಗೆ ಎರಡನೆಯದು ಉಪಯೋಗವಿಲ್ಲ.

ಗಣಿತದ ಸೂತ್ರಗಳಂತೆ ಪ್ರೋಗ್ರಾಂ ಬರೆಯುವ ಪದ್ಧತಿಗೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ಹೆಸರು. ಅದರಲ್ಲಿ ಪ್ರಸಿದ್ಧವಾದ ಹ್ಯಾಸ್ಕೆಲ್ ಭಾಷೆಯ ಮೊದಲ ವರದಿ 1990ರಲ್ಲಿ ಹೊರಬಂತು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು ಅದಕ್ಕೆ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಟೈಪ್, ಅಂದರೆ ಜಾತಿ, ಇರುತ್ತದೆ. ಜಾತಿ ತಪ್ಪಿದರೆ ಪ್ರೋಗ್ರಾಂ ಓಡುವ ಮೊದಲೇ ತಡೆ. ಹಣ ತುಂಬುವ ಚಲನ್ ಕೊಟ್ಟು ಹಣ ಕೇಳಿದರೆ ಬ್ಯಾಂಕಿನ ಕೌಂಟರಿನಲ್ಲೇ ತಡೆದ ಹಾಗೆ.

ಇಷ್ಟಾದರೂ ಆ ಭಾಷೆಯಲ್ಲಿ ಪಾಥ್ ಎಂದರೆ ಬರಿಯ ಅಕ್ಷರಗಳ ಸಾಲಾಗಿತ್ತು. ಅದರ ಹಳೆಯ ಲೈಬ್ರರಿಯಲ್ಲಿ ಒಂದು ಪೂರ್ಣ ವಿಳಾಸಕ್ಕೆ ಇನ್ನೊಂದು ಪೂರ್ಣ ವಿಳಾಸ ಜೋಡಿಸಿದರೆ, ಮೊದಲನೆಯದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಮುಂದೆ ಬಂದ 'ಪಾಥ್' ಎಂಬ ಲೈಬ್ರರಿ ಪೂರ್ಣವೋ ಅಲ್ಲವೋ, ಫೈಲೋ ಪೆಟ್ಟಿಗೆಯೋ ಎಂಬುದನ್ನು ಟೈಪಿನಲ್ಲೇ ಬರೆಯಿಸಿತು. ಈಗ ಅಂಥ ಜೋಡಣೆ ಮೊದಲೇ ನಿಲ್ಲುತ್ತದೆ.

ನಮ್ಮ ಲಿಪಿಗೂ ಇದರಲ್ಲಿ ಪಾಲಿದೆ. 'ಉದಗೀರ' ಎಂದು ಕನ್ನಡದಲ್ಲಿ ಫೈಲಿಗೆ ಹೆಸರಿಟ್ಟರೆ ಯುನಿಕೋಡ್‌ನಲ್ಲಿ ಐದು ಸಂಕೇತಗಳಾಗುತ್ತವೆ. ಯುಟಿಎಫ್-8 ಕ್ರಮದಲ್ಲಿ ಅದಕ್ಕೆ 15 ಬೈಟ್ ಬೇಕು, ವಿಂಡೋಸ್ ಕ್ರಮದಲ್ಲಿ 10. ಹೀಗೆ ಒಂದೊಂದು ವ್ಯವಸ್ಥೆ ಹೆಸರನ್ನು ಒಂದೊಂದು ಬಗೆಯಲ್ಲಿ ಇಡುವುದರಿಂದ, 2022ರಲ್ಲಿ ಹ್ಯಾಸ್ಕೆಲ್‌ನ ಹಳೆಯ ಲೈಬ್ರರಿಯೂ ಪಾಥ್‌ಗೆ ಪ್ರತ್ಯೇಕ ಟೈಪ್ ಕೊಟ್ಟಿತು.

ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ನಮ್ಮ ಹುಡುಗ ಹುಡುಗಿಯರು ಇದನ್ನು ನೆನಪಿಡಬೇಕು. ಬೀದರ ಜಿಲ್ಲೆ ಎಂದಿದ್ದ ಕಾಗದದ ಮೇಲೆ ಲಾತೂರ ಎಂದಷ್ಟೇ ಬರೆದಿಟ್ಟರೆ, ಮೊಮ್ಮಕ್ಕಳಿಗೆ ಬೀದರದ ದಾರಿ ತಿಳಿಯದು. ಹಳೆಯ ವಿಳಾಸ, ಹೊಸ ವಿಳಾಸ, ಬದಲಾದ ಇಸವಿ ಮೂರನ್ನೂ ಬರೆದಿಡಿ.