ಬಾಳೆಹಣ್ಣು ತಿಂದರೆ ಮೆದುಳಿನಲ್ಲಿ ಸೆರೊಟೋನಿನ್ ಹೆಚ್ಚುತ್ತದೆಯೇ?

ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇದೆ, ದಿನಕ್ಕೆರಡು ತಿಂದರೆ ಖಿನ್ನತೆಯ ಮಾತ್ರೆಯೇ ಬೇಡ ಎನ್ನುವ ವಾಟ್ಸ್ಆ್ಯಪ್ ಸಂದೇಶ ನಮಗೂ ಬಂದಿದೆ. ಮೊದಲರ್ಧ ನಿಜ. ಆದರೆ ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆಗೋಡೆ ಇದೆ. ಸೆರೊಟೋನಿನ್ ಅದನ್ನು ದಾಟಲಾರದು. ದೇಹದ ಸುಮಾರು ಶೇ. 90ರಷ್ಟು ಸೆರೊಟೋನಿನ್ ತಯಾರಾಗುವುದು ಕರುಳಿನಲ್ಲಿ, ಅದಕ್ಕೂ ಮೆದುಳಿಗೆ ಪ್ರವೇಶವಿಲ್ಲ. ಮೆದುಳು ತನಗೆ ಬೇಕಾದಷ್ಟನ್ನು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ತಾನೇ ಮಾಡಿಕೊಳ್ಳುತ್ತದೆ.

ಮೆದುಳಿನಲ್ಲಿ ಅದು ಮಾಡುವುದು ಸುದ್ದಿ ಮುಟ್ಟಿಸುವ ಕೆಲಸ. ಎರಡು ನರಕೋಶಗಳ ನಡುವೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಸಂದು ಇರುತ್ತದೆ. ವಿದ್ಯುತ್ ಸಂಕೇತ ಒಂದು ಕೋಶದ ತುದಿ ಮುಟ್ಟಿದಾಗ, ಅಲ್ಲಿನ ಪುಟ್ಟ ಚೀಲಗಳಿಂದ ಸೆರೊಟೋನಿನ್ ಈ ಸಂದಿಗೆ ಬಿಡುಗಡೆಯಾಗಿ ಎದುರಿನ ಕೋಶದ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಹೆಚ್ಚಿನದನ್ನು ಬಿಟ್ಟ ಕೋಶವೇ ವಾಪಸ್ ಹೀರಿಕೊಳ್ಳುತ್ತದೆ. ಫ್ಲುಆಕ್ಸೆಟಿನ್‌ನಂಥ ಮಾತ್ರೆಗಳು ತಡೆಯುವುದು ಈ ಮರುಹೀರಿಕೆಯನ್ನು.

ಹಾಗಾದರೆ ಖಿನ್ನತೆ ಎಂದರೆ ಸೆರೊಟೋನಿನ್ ಕೊರತೆಯೇ? ಅಷ್ಟು ಸರಳವಲ್ಲ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಮರುಹೀರಿಕೆ ತಗ್ಗುತ್ತದೆ, ಮನಸ್ಸು ಹಗುರಾಗಲು ಮಾತ್ರ ವಾರಗಳೇ ಬೇಕು. ಖಾಲಿ ಟ್ಯಾಂಕ್ ತುಂಬಿಸುವುದಷ್ಟೇ ಆಗಿದ್ದರೆ ಇಷ್ಟು ಕಾಯಬೇಕಿರಲಿಲ್ಲ. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದವರಿಗೂ ಕೊರತೆಯ ವಾದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಇದನ್ನೇ ‘ಮಾತ್ರೆ ಕೆಲಸ ಮಾಡುವುದಿಲ್ಲ’ ಎಂದು ತಿರುಚಿ ಹಂಚಿದವರಿದ್ದಾರೆ. ಆ ಪರಿಶೀಲನೆ ಮಾತ್ರೆಯ ಪರಿಣಾಮದ ಬಗ್ಗೆ ಆಗಿರಲೇ ಇಲ್ಲ.

ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು ಕಾಡಬಹುದು. ಬಿಡಬೇಕೆನಿಸಿದರೆ ಡೋಸ್ ಹಂತಹಂತವಾಗಿ ಇಳಿಸುವುದು ಹೇಗೆಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಬಾಳೆಹಣ್ಣು ಊಟದ ಜೊತೆ ಇರಲಿ.